ನಾಲ್ಕು ಕಾಲ, ನಾಲ್ಕು ಕಾರ್ಟೂನು: 'ಸ್ಪ್ರಿಂಗ್‌ಟೈಮ್' ಮತ್ತು ಅದರ ಒಡಹುಟ್ಟಿದವುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಾರಸಿಯ ಮೇಲೆ ಬಿಳಿ ಪಂಚೆ ಕಟ್ಟಿ, ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು ಹಳೇ ಕಾರ್ಟೂನು ತೋರಿಸುವ ಚಟ ನನಗೆ. ಅದರಲ್ಲಿ ಜಾಸ್ತಿ ಸಲ ಓಡಿರುವುದು 1929ರ 'ಸ್ಪ್ರಿಂಗ್‌ಟೈಮ್'. ಆರು ನಿಮಿಷದ ಚಿತ್ರ, ಆಮೇಲೆ ಅರ್ಧ ಗಂಟೆ ಪ್ರಶ್ನೆ. ಮಕ್ಕಳಿಗಿಂತ ಅವರ ಜೊತೆ ಬರುವ ಅಜ್ಜ-ಅಜ್ಜಿಯರೇ ಹೆಚ್ಚು ಕೇಳುತ್ತಾರೆ. ಡೈರಿಯ ಹಿಂದಿನ ಹಾಳೆಗಳಲ್ಲಿ ಬರೆದಿಟ್ಟುಕೊಂಡ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಸೇರಿಸಿದ್ದೇನೆ.

## ಪಂಚೆ ಬಿಚ್ಚುವ ಮೊದಲೇ ಕೇಳುವವು

ಇದು ಯಾವ ಕಾರ್ಟೂನು? ಯಾರು ಮಾಡಿದ್ದು?

ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ, ಹೈಪೀರಿಯನ್ ಅವೆನ್ಯೂ ಅನ್ನುವ ರಸ್ತೆಯಲ್ಲಿದ್ದ ವಾಲ್ಟ್ ಡಿಸ್ನಿಯವರ ಸ್ಟುಡಿಯೋದಲ್ಲಿ ತಯಾರಾದದ್ದು. ನಿರ್ದೇಶಕರು ಅಬ್ ಐವರ್ಕ್ಸ್, ಸಂಗೀತ ಕಾರ್ಲ್ ಸ್ಟಾಲಿಂಗ್. 'ಸಿಲ್ಲಿ ಸಿಂಫನಿ' ಅನ್ನುವ ಸರಣಿಯ ಮೂರನೇ ಚಿತ್ರ ಇದು. ಸರಣಿ 1929ರಿಂದ 1939ರವರೆಗೆ ನಡೆಯಿತು, ಒಟ್ಟು 75 ಚಿತ್ರ. 'ಸ್ಪ್ರಿಂಗ್‌ಟೈಮ್' ಆದ ಮೇಲೆ 'ಸಮ್ಮರ್', 'ಆಟಮ್', 'ವಿಂಟರ್' ಬಂದವು. ಹೀಗೆ ವರ್ಷದ ನಾಲ್ಕು ಕಾಲಕ್ಕೆ ನಾಲ್ಕು ಚಿತ್ರ.

ಬಿಡುಗಡೆಯಾದದ್ದು 1929ರ ಅಕ್ಟೋಬರ್ 24. ಅಮೆರಿಕದ ಷೇರುಪೇಟೆ ಕುಸಿಯಲು ಶುರುವಾದ 'ಕರಾಳ ಗುರುವಾರ'ವೂ ಅದೇ ದಿನ. ನ್ಯೂಯಾರ್ಕಿನಲ್ಲಿ ಜನ ದುಡ್ಡು ಕಳೆದುಕೊಳ್ಳುತ್ತಿದ್ದಾಗ ಇಲ್ಲಿ ಹೂಗಳು ಸೊಂಟ ಬಳುಕಿಸುತ್ತಿದ್ದವು. ಬರೀ ಕಾಕತಾಳೀಯ, ಆದರೆ ತಾರಸಿಯಲ್ಲಿ ಹೇಳಲು ಚೆನ್ನಾಗಿರುತ್ತದೆ.

ಡಿಸ್ನಿ ಅಂದ್ರಿ, ಮಿಕ್ಕಿ ಎಲ್ಲಿ?

ಇಲ್ಲ. ಕಾಯಬೇಡಿ. ಸಿಲ್ಲಿ ಸಿಂಫನಿಗಳಲ್ಲಿ ಒಬ್ಬನೇ ನಾಯಕ ಅಂತ ಇಲ್ಲ. ಪ್ರತಿ ಚಿತ್ರಕ್ಕೂ ಹೊಸ ಪಾತ್ರಗಳು.

ಇದರ ಹಿಂದೆ ಒಂದು ಜಗಳ ಇದೆ. ಮಿಕ್ಕಿ ಚಿತ್ರಗಳಲ್ಲಿ ನಗೆಪ್ರಸಂಗ ಮೊದಲು, ಸಂಗೀತ ಅದಕ್ಕೆ ಹೊಂದಿಕೊಳ್ಳಬೇಕು ಅಂತ ಡಿಸ್ನಿ. ಸಂಗೀತವನ್ನು ಹಾಗೆ ಎಳೆದಾಡಿದರೆ ಅದಕ್ಕೇನು ಮರ್ಯಾದೆ ಅಂತ ಸ್ಟಾಲಿಂಗ್. ಸ್ಟಾಲಿಂಗ್ ಕ್ಯಾನ್ಸಸ್ ಸಿಟಿಯ ಚಿತ್ರಮಂದಿರದಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದವರು. ಕೊನೆಗೆ ರಾಜಿ ಆಯಿತು. ಮಿಕ್ಕಿ ಚಿತ್ರದಲ್ಲಿ ಡಿಸ್ನಿ ಹೇಳಿದ ಹಾಗೆ, ಬೇರೆ ಸರಣಿಯೊಂದರಲ್ಲಿ ಸಂಗೀತ ಮುಂದೆ, ಚಿತ್ರ ಹಿಂದೆ. ಆ ಬೇರೆ ಸರಣಿಯೇ ಇದು. ಮೊದಲ ಚಿತ್ರ 'ದಿ ಸ್ಕೆಲಿಟನ್ ಡ್ಯಾನ್ಸ್'. ಅಸ್ಥಿಪಂಜರಗಳು ಸ್ಮಶಾನದಲ್ಲಿ ಕುಣಿಯುತ್ತವೆ.

ಕತೆ ಏನು? ನನಗೇನೂ ಕತೆನೇ ಕಾಣಲಿಲ್ಲ.

ನಿಮ್ಮ ಕಣ್ಣು ಸರಿಯಾಗೇ ಇದೆ. ಕತೆ ಇಲ್ಲ. ಹೂಗಳು ಕುಣಿಯುತ್ತವೆ. ಹುಳು ಕುಣಿಯುತ್ತದೆ, ಅದನ್ನು ಒಂದು ಕರಿ ಹಕ್ಕಿ ನುಂಗುತ್ತದೆ. ಗುಡುಗು-ಮಳೆ ಬರುತ್ತದೆ. ಮರವೊಂದು ಬಚ್ಚಲುಮನೆಗೆ ಬಂದವರ ಹಾಗೆ ಮೈಯೆಲ್ಲ ಉಜ್ಜಿಕೊಂಡು ಆ ಮಳೆಯಲ್ಲಿ ಮೀಯುತ್ತದೆ. ಮಿಡತೆ ಕುಣಿಯುತ್ತದೆ, ಕಪ್ಪೆ ಅದನ್ನು ಗುಳುಂ ಮಾಡುತ್ತದೆ. ಕಪ್ಪೆಗಳು ಸಾಲಾಗಿ ಕುಣಿಯುತ್ತವೆ. ಆಮೇಲೆ ಕೊಕ್ಕರೆ ಬರುತ್ತದೆ. ಅಷ್ಟೇ.

ಆದರೆ ಎರಡನೇ ಸಲ ನೋಡುವಾಗ ಒಂದು ದಾರ ಕೈಗೆ ಸಿಗುತ್ತದೆ. ಯಾರು ಖುಷಿಯಲ್ಲಿ ಮೈಮರೆತು ಕುಣಿಯುತ್ತಾರೋ ಅವರನ್ನು ಯಾರೋ ತಿನ್ನುತ್ತಾರೆ. ತಿಂದವರು ಕುಣಿಯಲು ಶುರು ಮಾಡುತ್ತಾರೆ, ಅವರನ್ನು ಇನ್ಯಾರೋ ತಿನ್ನುತ್ತಾರೆ. ಆಹಾರ ಸರಪಳಿಯನ್ನು ಕುಣಿಸಿದ್ದಾರೆ ಅನ್ನಬಹುದು. ಪಾಠದ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ಹುಲ್ಲು, ಮಿಡತೆ, ಕಪ್ಪೆ ಅಂತ ಬರೆದಿರುತ್ತದಲ್ಲ, ಐದನೇ ಕ್ಲಾಸಿನ ಹುಡುಗಿಯೊಬ್ಬಳು ಅದನ್ನು ಥಟ್ ಅಂತ ಗುರುತಿಸಿದಳು. ನಾನು ಅಷ್ಟು ಸಲ ನೋಡಿದ್ದರೂ ಹೊಳೆದಿರಲಿಲ್ಲ.

ಬಣ್ಣ ಇರೋ ಪ್ರಿಂಟ್ ಸಿಗಲ್ವಾ?

ಮೂಲದಲ್ಲೇ ಬಣ್ಣ ಇಲ್ಲ. ನಾಲ್ಕೂ ಕಪ್ಪು-ಬಿಳುಪು. ಈಗೀಗ ಕಂಪ್ಯೂಟರಿನಲ್ಲಿ ಬಣ್ಣ ಬಳಿದ ಪ್ರತಿಗಳು ಓಡಾಡುತ್ತಿವೆ. ನನಗೆ ಅವು ಹಿಡಿಸುವುದಿಲ್ಲ. ಬಣ್ಣವೇ ಇಲ್ಲದೆ ವಸಂತ ಅಂತ ಹೇಗೆ ತೋರಿಸುವುದು ಅನ್ನುವುದೇ ಇಲ್ಲಿನ ಸವಾಲು. ಚಲನೆಯಿಂದಲೇ ತೋರಿಸಿದ್ದಾರೆ. ಇಡೀ ಚಿತ್ರದಲ್ಲಿ ಸುಮ್ಮನೆ ನಿಂತದ್ದು ಸಿಗುವುದು ಕಷ್ಟ. 'ವಿಂಟರ್'ನಲ್ಲಾದರೆ ಬಿಳಿ ಹಿಮವೇ ಅರ್ಧ ಕೆಲಸ ಮಾಡಿಕೊಡುತ್ತದೆ.

ಬಣ್ಣದ ವಸಂತವೇ ಬೇಕು ಅಂದರೆ ಇದೇ ಸರಣಿಯ 'ಫ್ಲವರ್ಸ್ ಅಂಡ್ ಟ್ರೀಸ್' ನೋಡಿ. 1932ರ ಜುಲೈನಲ್ಲಿ ಬಂದದ್ದು. ಮೊದಲು ಅದನ್ನೂ ಕಪ್ಪು-ಬಿಳುಪಿನಲ್ಲಿ ಶುರು ಮಾಡಿದ್ದರು. ಟೆಕ್ನಿಕಲರ್ ಕಂಪನಿಯ ಹೊಸ ಮೂರು ಬಣ್ಣದ ವಿಧಾನ ಕೈಗೆ ಸಿಕ್ಕಿದ್ದೇ ತಡ, ಮಾಡಿದ ಕೆಲಸ ಬದಿಗಿಟ್ಟು ಬಣ್ಣದಲ್ಲಿ ಮತ್ತೆ ಮಾಡಿದರು. ಕಾರ್ಟೂನಿಗೆ ಅಂತ ಕೊಟ್ಟ ಮೊದಲ ಆಸ್ಕರ್ ಅದಕ್ಕೇ ಬಂತು.

ಚಿಕ್ಕ ಮಕ್ಕಳಿಗೆ ತೋರಿಸಬಹುದಾ?

ಈ ನಾಲ್ಕನ್ನು ಧಾರಾಳವಾಗಿ ತೋರಿಸಬಹುದು. ಒಂದನ್ನೊಂದು ನುಂಗುವ ದೃಶ್ಯಗಳಿವೆ, ರಕ್ತ ಇಲ್ಲ. ಮೂರು ವರ್ಷದವರು ನಗುತ್ತಾರೆ, ಏಳು ವರ್ಷದವರು ಒಂದು ಕ್ಷಣ ಸುಮ್ಮನಾಗಿ ಆಮೇಲೆ ನಗುತ್ತಾರೆ. ಮಾತೇ ಇಲ್ಲ, ಹಾಗಾಗಿ ಭಾಷೆಯ ತೊಂದರೆಯೂ ಇಲ್ಲ.

ಸರಣಿಯ ಎಲ್ಲ ಚಿತ್ರಗಳಿಗೂ ಇದೇ ಮಾತು ಹೇಳಲಾರೆ. ಆ ಕಾಲದ ಅಮೆರಿಕದಲ್ಲಿ ಕಪ್ಪು ಜನರನ್ನು ಆಡಿಕೊಂಡು ನಗುವುದು ಮಾಮೂಲಾಗಿತ್ತು. 1930ರ 'ಕ್ಯಾನಿಬಲ್ ಕೇಪರ್ಸ್' ಅಂಥದ್ದು. ಒಂದಾದ ಮೇಲೊಂದು ತಾನಾಗೇ ಓಡುವ ಹಾಗೆ ಬಿಟ್ಟು ಅಡುಗೆಮನೆಗೆ ಹೋಗಬೇಡಿ.

## ನೋಡಿದ ಮೇಲೆ ಕೇಳುವವು

ವಸಂತಕ್ಕೆ ಕಪ್ಪೆ ಯಾಕೆ ಬಂತು? ಕಪ್ಪೆ ಮಳೆಗಾಲದ್ದಲ್ವಾ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಕೇಳಿದವರು ಮಲೆನಾಡಿನ ಅಜ್ಜಿ.

ನಮ್ಮಲ್ಲಿ ಕಪ್ಪೆ ಅಂದರೆ ಮುಂಗಾರು. ಮೊದಲ ಮಳೆ ಬಿದ್ದ ರಾತ್ರಿ ಗದ್ದೆ ಬದಿಯಲ್ಲಿ ವಟಗುಟ್ಟುವ ಸದ್ದು ಕೇಳಿದರೆ ಸಮಾಧಾನ. ಮಳೆ ಬಾರದಿದ್ದರೆ ಕಪ್ಪೆಗೆ ಮದುವೆ ಮಾಡಿಸುವ ನಾಡು ನಮ್ಮದು. ಬಿರುಬೇಸಿಗೆಯಲ್ಲಿ ಅವು ಒದ್ದೆ ಮಣ್ಣು ಹುಡುಕಿ ಅಡಗಿ ಕೂತಿರುತ್ತವೆ. ಅಮೆರಿಕದ ಚಳಿ ಸೀಮೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಕಪ್ಪೆ ಅಡಗುವುದು ಚಳಿಗೆ ಹೆದರಿ. ಕೆರೆಯ ತಳದಲ್ಲೋ ಎಲೆರಾಶಿಯ ಅಡಿಯಲ್ಲೋ ಚಳಿಗಾಲ ಕಳೆದು, ಹಿಮ ಕರಗಿದ ಕೂಡಲೇ ಹೊರಗೆ ಬಂದು ಕೂಗುತ್ತದೆ. ಹಾಗಾಗಿ ಅವರಿಗೆ ಕಪ್ಪೆಯ ಕೂಗು ವಸಂತದ ಮೊದಲ ಸುದ್ದಿ, ನಮಗೆ ಕೋಗಿಲೆ ಇದ್ದ ಹಾಗೆ.

ಅಂದರೆ ಎರಡೂ ಕಡೆ ಕಪ್ಪೆ ಹೇಳುವುದು ಒಂದೇ ಮಾತು: ಕಷ್ಟದ ಕಾಲ ಮುಗಿಯಿತು. ಅವರ ಕಷ್ಟ ಚಳಿ, ನಮ್ಮದು ಸೆಖೆ. ಇದನ್ನು ಹೇಳಿದ ಮೇಲೆ ಆ ಅಜ್ಜಿ, "ಹಂಗಾರೆ ಆ ಕೊಕ್ಕರೆಗೆ ಬುದ್ಧಿ ಇಲ್ಲ, ಬಂದ ನೆಂಟರನ್ನೇ ತಿಂತದೆ" ಅಂದರು.

ನಮಗೆ ಆರು ಋತು, ಇವರಿಗೆ ನಾಲ್ಕೇ. 'ಆಟಮ್' ಅಂದ್ರೆ ಯಾವುದು, ಶರದೃತುನಾ?

ತಿಂಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಹೌದು. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ, ಅಂದರೆ ನಮ್ಮ ಆಶ್ವಯುಜ-ಕಾರ್ತಿಕದ ಹೊತ್ತು. ಆದರೆ ಹೊರಗೆ ಕಾಣುವುದು ಬೇರೆ. ಅವರಲ್ಲಿ ಆ ಹೊತ್ತಿಗೆ ಎಲೆ ಉದುರುತ್ತದೆ, ಯಾಕೆಂದರೆ ಮುಂದೆ ಹೆಪ್ಪುಗಟ್ಟುವ ಚಳಿ ಬರುತ್ತದೆ. ನಮ್ಮಲ್ಲಿ ಎಲೆ ಉದುರಿಸುವುದು ಒಣಹವೆ. ಬಯಲುಸೀಮೆಯ ಕುರುಚಲು ಕಾಡಿನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮರಗಳು ಬೋಳಾಗುತ್ತವೆ. ಬೋಳು ಕೊಂಬೆಯ ಮೇಲೆ ಮುತ್ತುಗ ಕೆಂಪಗೆ ಹೂ ಬಿಡುವುದೂ ಆಗಲೇ. ಅಂದರೆ ನಮ್ಮ ಎಲೆ ಉದುರುವ ಕಾಲ ಶಿಶಿರ. ಅದಾದ ತಕ್ಷಣ ಯುಗಾದಿ, ಹೊಂಗೆಯ ಚಿಗುರು, ವಸಂತ. ಅವರಿಗೆ ಎಲೆ ಉದುರಿದ ಮೇಲೆ ಉದ್ದ ಚಳಿಗಾಲ ಕಾಯಬೇಕು, ನಮಗೆ ಹೆಚ್ಚು ಕಾಯುವ ಕಷ್ಟ ಇಲ್ಲ.

'ಆಟಮ್' ಚಿತ್ರದ ತುಂಬಾ ಆ ಕಾಯುವಿಕೆಯ ಗಡಿಬಿಡಿ ಇದೆ. ಅಳಿಲುಗಳು ಕಾಳು-ಕಾಯಿ ಕೂಡಿಹಾಕುತ್ತವೆ, ಬಾತುಗಳು ದಕ್ಷಿಣಕ್ಕೆ ಹಾರುತ್ತವೆ. ಮಳೆಗಾಲಕ್ಕೆ ಮುಂಚೆ ಹಪ್ಪಳ ಒಣಗಿಸಿ, ಸೌದೆ ಒಟ್ಟುವ ಮನೆಗಳಲ್ಲಿ ಬೆಳೆದವರಿಗೆ ಈ ಗಡಿಬಿಡಿ ಚೆನ್ನಾಗಿ ಗೊತ್ತು.

ಇನ್ನು ಮಳೆಗಾಲ. ಅದಕ್ಕೇ ಅಂತ ಒಂದು ಚಿತ್ರ ಇಲ್ಲ. ಅವರಿಗೆ ಮಳೆ ಯಾವ ಕಾಲದಲ್ಲಾದರೂ ಬಂದುಹೋಗುವ ನೆಂಟ. ಅದಕ್ಕೇ 'ಸ್ಪ್ರಿಂಗ್‌ಟೈಮ್'ನಲ್ಲಿ ಗುಡುಗು-ಮಳೆ ನಡುವೆ ಬಂದು ಮರಕ್ಕೆ ಸ್ನಾನ ಮಾಡಿಸಿ ಹೋಗುತ್ತದೆ.

'ವಿಂಟರ್'ನಲ್ಲಿ ಬಿಲದಿಂದ ಬರೋ ದಪ್ಪ ಇಲಿ ಯಾವುದು? ನೆರಳು ಕಂಡ್ರೆ ಯಾಕೆ ಭಯ?

ಅದು ಇಲಿಯಲ್ಲ, ಗ್ರೌಂಡ್‌ಹಾಗ್. ಅಳಿಲಿನ ದಾಯಾದಿ, ನೆಲದಲ್ಲಿ ಬಿಲ ತೋಡಿ ಚಳಿಗಾಲವೆಲ್ಲ ನಿದ್ದೆ ಮಾಡುವ ಪ್ರಾಣಿ. ಅಮೆರಿಕದಲ್ಲಿ ಫೆಬ್ರವರಿ 2ಕ್ಕೆ ಅದರ ಹೆಸರಿನ ಹಬ್ಬವೇ ಇದೆ. ಆ ದಿನ ಅದು ಹೊರಗೆ ಬಂದಾಗ ಬಿಸಿಲಿದ್ದು ತನ್ನ ನೆರಳು ತಾನೇ ಕಂಡರೆ ಇನ್ನೂ ಆರು ವಾರ ಚಳಿ, ಕಾಣದಿದ್ದರೆ ವಸಂತ ಬೇಗ ಅಂತ ನಂಬಿಕೆ. ಪೆನ್ಸಿಲ್ವೇನಿಯಾದ ಪಂಕ್ಸಟೋನಿ ಅನ್ನುವ ಊರಿನಲ್ಲಿ 1887ರಿಂದ ಇದನ್ನು ದೊಡ್ಡದಾಗಿ ಮಾಡುತ್ತಾರೆ. ನಮ್ಮಲ್ಲಿ ರೋಹಿಣಿ, ಮೃಗಶಿರ ಅಂತ ಮಳೆ ನಕ್ಷತ್ರ ಎಣಿಸುತ್ತಾ ಕೂರುವ ಹಾಗೇ.

ಈ ಟ್ಯೂನ್ ಎಲ್ಲೋ ಕೇಳಿದ ಹಾಗಿದೆಯಲ್ಲಾ?

ಕೇಳಿರುತ್ತೀರಿ. ಅದು ಇಟಲಿಯ ಪೊಂಕಿಯೆಲ್ಲಿ ಅವರ 'ಡ್ಯಾನ್ಸ್ ಆಫ್ ದಿ ಅವರ್ಸ್'. 1876ರ 'ಲಾ ಜೋಕೊಂಡ' ಅನ್ನುವ ಒಪೆರಾದಿಂದ ಬಂದದ್ದು. ಬೆಳಗು, ಹಗಲು, ಸಂಜೆ, ರಾತ್ರಿ ಒಂದಾದ ಮೇಲೊಂದು ಬಂದು ಕುಣಿಯುವ ನೃತ್ಯ. ಋತುಗಳ ಚಿತ್ರಕ್ಕೆ ಹೊತ್ತುಗಳ ಸಂಗೀತ. ಸ್ಟಾಲಿಂಗ್ ಇದನ್ನು ಬೇಕೆಂದೇ ಆರಿಸಿದರೋ ಏನೋ, ಹೊಂದಿಕೆ ಮಾತ್ರ ಭಲೇ ಚೆನ್ನಾಗಿದೆ.

ಇದೇ ಸಂಗೀತಕ್ಕೆ ಡಿಸ್ನಿ ಸ್ಟುಡಿಯೋದವರು 1940ರ 'ಫ್ಯಾಂಟೇಸಿಯಾ'ದಲ್ಲಿ ನೀರಾನೆಗಳನ್ನೂ ಉಷ್ಟ್ರಪಕ್ಷಿಗಳನ್ನೂ ಕುಣಿಸಿದರು. ಅದು ಜಗತ್ಪ್ರಸಿದ್ಧ. ಅದಕ್ಕೂ 11 ವರ್ಷ ಮೊದಲೇ ಈ ಪುಟ್ಟ ಕಪ್ಪು-ಬಿಳುಪು ಚಿತ್ರ ಅದೇ ಸ್ವರಕ್ಕೆ ಹೆಜ್ಜೆ ಹಾಕಿತ್ತು ಅನ್ನುವುದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ಈ ಕಪ್ಪೆ-ಹೂವು ಕುಣಿತವನ್ನು ಬೇರೆ ಯಾವುದೋ ಸಿನಿಮಾದಲ್ಲಿ ನೋಡಿದ ನೆನಪು. ನಿಜಾನಾ?

ನಿಜ. 1961ರ 'ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್' ನೆನಪು ಮಾಡಿಕೊಳ್ಳಿ. ನಾಯಿಮರಿಗಳನ್ನು ಕದ್ದು ತಂದ ಇಬ್ಬರು ಕಳ್ಳರು ಹಾಳು ಬಂಗಲೆಯಲ್ಲಿ ಕೂತು ಟಿವಿ ನೋಡುತ್ತಾರಲ್ಲ, ಆ ಟಿವಿಯಲ್ಲಿ ಓಡುವುದು 'ಸ್ಪ್ರಿಂಗ್‌ಟೈಮ್'. ತಮ್ಮದೇ ಹಳೇ ಸರಕನ್ನು ತಾವೇ ಮತ್ತೆ ಬಳಸಿದ್ದು.

ನಾಲ್ಕನ್ನೂ ಒಬ್ಬರೇ ಮಾಡಿದ್ದಾ? ಯಾವ ಕ್ರಮದಲ್ಲಿ ನೋಡಬೇಕು?

ಮೂರನ್ನು ಐವರ್ಕ್ಸ್ ನಿರ್ದೇಶಿಸಿದರು. ನಾಲ್ಕನೆಯದು, 'ವಿಂಟರ್', ಬರ್ಟ್ ಜಿಲೆಟ್ ಅವರದ್ದು. ಮುಂದೆ 1933ರಲ್ಲಿ ಮೂರು ಹಂದಿಮರಿಗಳ ಚಿತ್ರ ಮಾಡಿ ಹೆಸರು ಗಳಿಸಿದವರೂ ಇವರೇ.

ಬಿಡುಗಡೆಯ ದಿನಗಳನ್ನು ನೋಡಿದರೆ ನಗು ಬರುತ್ತದೆ. ವಸಂತದ ಚಿತ್ರ ಬಂದದ್ದು ಅಕ್ಟೋಬರ್‌ನಲ್ಲಿ, ಅವರಿಗೆ ಆಗ ಎಲೆ ಉದುರುವ ಕಾಲ. ಬೇಸಿಗೆಯದ್ದು 1930ರ ಜನವರಿಯಲ್ಲಿ, ಗಡಗಡ ಚಳಿಯಲ್ಲಿ. ಎಲೆ ಉದುರುವ ಕಾಲದ್ದು ಫೆಬ್ರವರಿಯಲ್ಲಿ. ಚಳಿಗಾಲದ್ದು ಮಾತ್ರ ನವೆಂಬರ್‌ನಲ್ಲಿ ಬಂದು ಒಂದಿಷ್ಟು ಮರ್ಯಾದೆ ಉಳಿಸಿತು. ಕ್ರಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಾನು 'ಸ್ಪ್ರಿಂಗ್‌ಟೈಮ್' ಮೊದಲು, 'ವಿಂಟರ್' ಕೊನೆಗೆ ಹಾಕುತ್ತೇನೆ. ಸಮಯ ಕಡಿಮೆ ಇದ್ದರೆ 'ಸಮ್ಮರ್' ಬಿಡುತ್ತೇನೆ. ಹುಳುಹುಪ್ಪಟೆಗಳ ಕುಣಿತ, ನಾಲ್ಕರಲ್ಲಿ ತುಸು ಸಪ್ಪೆ.

ಐವರ್ಕ್ಸ್ ನಡುವೆ ಯಾಕೆ ಬಿಟ್ಟುಹೋದರು?

ಮಿಕ್ಕಿಯ ರೂಪವನ್ನು ಕಾಗದದ ಮೇಲೆ ಮೊದಲು ತಂದವರು ಐವರ್ಕ್ಸ್. ಡಿಸ್ನಿಗೆ ಕ್ಯಾನ್ಸಸ್ ಸಿಟಿ ಕಾಲದ ಗೆಳೆಯ. ಕೈ ಎಷ್ಟು ಚುರುಕು ಅಂದರೆ ದಿನಕ್ಕೆ 700 ಚಿತ್ರ ಬರೆಯುತ್ತಿದ್ದರು ಅಂತ ದಂತಕತೆಯೇ ಇದೆ. ಮುಖ್ಯ ಭಂಗಿಗಳ ನಡುನಡುವಿನ ಚಿತ್ರಗಳನ್ನು ಸಹಾಯಕರಿಗೆ ಬಿಟ್ಟುಕೊಡಿ ಅಂತ ಡಿಸ್ನಿ, ಎಲ್ಲವನ್ನೂ ನಾನೇ ಬರೆಯುತ್ತೇನೆ ಅಂತ ಇವರು. ಇಂಥ ಕಿರಿಕಿರಿಗಳು ಬೆಳೆಯುತ್ತಾ ಹೋದವು. ಆಗ ಡಿಸ್ನಿ ಚಿತ್ರಗಳಿಗೆ ಧ್ವನಿ ಯಂತ್ರ ಒದಗಿಸುತ್ತಿದ್ದ ಪ್ಯಾಟ್ ಪವರ್ಸ್ ಗುಟ್ಟಾಗಿ ಐವರ್ಕ್ಸ್ ಅವರಿಗೆ ಸ್ವಂತ ಸ್ಟುಡಿಯೋ ಆಸೆ ತೋರಿಸಿದರು. 1930ರ ಜನವರಿಯಲ್ಲಿ ಐವರ್ಕ್ಸ್ ಹೊರಟರು. ಸ್ಟಾಲಿಂಗ್ ಕೂಡ ಬಿಟ್ಟರು.

ಹೊರಗೆ ಹೋಗಿ ಐವರ್ಕ್ಸ್ ಮೊದಲು ಹುಟ್ಟಿಸಿದ ಪಾತ್ರ ಯಾವುದು ಗೊತ್ತಾ? ಫ್ಲಿಪ್ ಅನ್ನುವ ಕಪ್ಪೆ. ಕೆಲವೇ ತಿಂಗಳ ಹಿಂದೆ 'ಸ್ಪ್ರಿಂಗ್‌ಟೈಮ್'ನಲ್ಲಿ ಸಾಲು ಸಾಲು ಕಪ್ಪೆ ಕುಣಿಸಿದ ಕೈ. ಋತುಗಳೂ ಅವರನ್ನು ಬಿಡಲಿಲ್ಲ. 1934ರಲ್ಲಿ 'ಜ್ಯಾಕ್ ಫ್ರಾಸ್ಟ್', 1935ರಲ್ಲಿ 'ಸಮ್ಮರ್‌ಟೈಮ್' ಅಂತ ಬಣ್ಣದಲ್ಲಿ ಮಾಡಿದರು. ಆಗ ಮೂರು ಬಣ್ಣದ ವಿಧಾನ ಕಾರ್ಟೂನಿಗೆ ಬಳಸುವ ಹಕ್ಕು ಡಿಸ್ನಿ ಒಬ್ಬರಿಗೇ ಇತ್ತು. ಹಾಗಾಗಿ ಇವರು ಎರಡೇ ಬಣ್ಣದ ಸಿನೆಕಲರ್‌ನಲ್ಲಿ ತೃಪ್ತಿಪಡಬೇಕಾಯಿತು. 1940ರಲ್ಲಿ ಮತ್ತೆ ಡಿಸ್ನಿ ಬಳಿಗೇ ಬಂದು, ಕ್ಯಾಮೆರಾ ಮತ್ತು ಟ್ರಿಕ್ ಕೆಲಸಗಳಲ್ಲಿ ಕೊನೆಯವರೆಗೂ ಮುಳುಗಿದ್ದರು.

## ಇನ್ನೂ ಒಳಕ್ಕೆ ಇಳಿಯುವವರಿಗೆ

ಹೆಜ್ಜೆಗೂ ತಾಳಕ್ಕೂ ಅಷ್ಟು ಸರಿಯಾಗಿ ಹೇಗೆ ಕೂಡಿಸಿದರು, ಕಂಪ್ಯೂಟರ್ ಇಲ್ಲದೆ?

ಲೆಕ್ಕದಿಂದ. ಮೂಕಿ ಕಾಲದಲ್ಲಿ ಫಿಲ್ಮ್ ಓಡುವ ವೇಗ ಆಪರೇಟರ್ ಕೈಯಲ್ಲಿತ್ತು. ಧ್ವನಿ ಬಂದ ಮೇಲೆ ಸೆಕೆಂಡಿಗೆ 24 ಫ್ರೇಮ್, ಅಂದರೆ ಫಿಲ್ಮಿನ 24 ಬಿಡಿ ಫೋಟೋ, ಅಂತ ಗಟ್ಟಿಯಾಯಿತು. ವೇಗ ಗಟ್ಟಿಯಾದರೆ ತಾಳವನ್ನು ಫ್ರೇಮಿನಲ್ಲಿ ಎಣಿಸಬಹುದು.

ತಾಳದ ಪ್ರತಿ ಪೆಟ್ಟೂ 12 ಫ್ರೇಮ್ ಅಂತ ಇಟ್ಟುಕೊಳ್ಳಿ. ನಿಮಿಷಕ್ಕೆ 1,440 ಫ್ರೇಮ್, ಅಂದರೆ 120 ಪೆಟ್ಟು. 8 ಫ್ರೇಮ್ ಮಾಡಿದರೆ 180 ಪೆಟ್ಟು, ಓಡುವ ವೇಗ. 16 ಮಾಡಿದರೆ 90, ಆರಾಮದ ನಡಿಗೆ. ಸಂಗೀತ ಕಲಿಯುವ ಮಕ್ಕಳಿಗೆ ನಾನು ಹೀಗೆ ಹೇಳುತ್ತೇನೆ: 12 ಫ್ರೇಮಿನ ಲೆಕ್ಕದಲ್ಲಿ ಆದಿತಾಳದ ಎಂಟು ಎಣಿಕೆ ಹಾಕಿದರೆ ಒಂದು ಆವರ್ತಕ್ಕೆ 96 ಫ್ರೇಮ್, ಸರಿಯಾಗಿ ನಾಲ್ಕು ಸೆಕೆಂಡ್. ತೊಡೆಯ ಮೇಲೆ ತಾಳ ಹಾಕುತ್ತಾ ನೋಡಿ ಅಂದರೆ ಇಡೀ ತಾರಸಿ ಚಪ್ಪಾಳೆ ತಟ್ಟುತ್ತದೆ.

ಚಿತ್ರ ಬರೆಯುವ ಮೊದಲೇ ಸ್ಟಾಲಿಂಗ್ ಮತ್ತು ನಿರ್ದೇಶಕರು ಕೂತು ಯಾವ ಪೆಟ್ಟಿಗೆ ಯಾವ ಹೆಜ್ಜೆ ಅಂತ ಹಾಳೆಯ ಮೇಲೆ ಗೆರೆ ಹಾಕಿ ಹಂಚುತ್ತಿದ್ದರು. ಧ್ವನಿಮುದ್ರಣದ ಹೊತ್ತಿಗೆ ವಾದ್ಯದವರು ತಪ್ಪಬಾರದಲ್ಲ, ಅದಕ್ಕೆ ಟಿಕ್ ಟಿಕ್ ಸದ್ದು ಕೇಳಿಸುವ ಏರ್ಪಾಟನ್ನು ಸ್ಟಾಲಿಂಗ್ ಈ ಸರಣಿಯ ಶುರುವಿನಲ್ಲೇ ಮಾಡಿದರು. ಈಗ ಹಾಡು ರೆಕಾರ್ಡ್ ಮಾಡುವಾಗ ಹೆಡ್‌ಫೋನಿನಲ್ಲಿ ಕೊಡುವ ಕ್ಲಿಕ್ ಟ್ರ್ಯಾಕಿನ ಮುತ್ತಜ್ಜ ಅದು. ಸ್ಟಾಲಿಂಗ್ 1936ರಿಂದ 1958ರವರೆಗೆ ವಾರ್ನರ್ ಬ್ರದರ್ಸ್‌ನಲ್ಲಿ ಬಗ್ಸ್ ಬನ್ನಿಯಂಥವರಿಗೆ ಸಂಗೀತ ಕೊಟ್ಟರು. ಅಲ್ಲಿನ ಚುರುಕಿನ ಬೇರು ಇಲ್ಲಿದೆ.

ಆರು ನಿಮಿಷಕ್ಕೆ ಎಷ್ಟು ಚಿತ್ರ ಬರೆದಿರಬಹುದು?

ಆರು ನಿಮಿಷಕ್ಕೆ 8,640 ಫ್ರೇಮ್. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಗೆ ಮಾಡಿದರೆ 4,320. ಇದಕ್ಕಿಂತ ಕಡಿಮೆಯಲ್ಲೂ ಮುಗಿಸುವ ಉಪಾಯ ಅಂದರೆ ಸುತ್ತು. ಒಂದು ಹೆಜ್ಜೆಯ ಚಿತ್ರಗಳನ್ನು ಬರೆದುಕೊಂಡು ಅವನ್ನೇ ಮತ್ತೆ ಮತ್ತೆ ತಿರುಗಿಸುವುದು. ಸಾಲಿನಲ್ಲಿರುವ ಹೂಗಳನ್ನು ಗಮನಿಸಿ, ಒಂದರ ಕುಣಿತವೇ ಪಕ್ಕದ್ದಕ್ಕೂ. ಸಂಗೀತದಲ್ಲಿ ಪಲ್ಲವಿ ಮರಳಿದಾಗ ಕುಣಿತವೂ ಮರಳುತ್ತದೆ, ಹಾಗಾಗಿ ಸೋಮಾರಿತನ ಅಂತ ಅನಿಸುವುದೇ ಇಲ್ಲ. ಬುದ್ಧಿವಂತರ ಉಳಿತಾಯ.

ಕಾಗದದ ಮೇಲೆ ಬರೆದದ್ದನ್ನು ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗೆ ಶಾಯಿಯಲ್ಲಿ ಇಳಿಸಿ, ಹಿಂಬದಿಗೆ ಬಣ್ಣ ತುಂಬಿ, ಹಿನ್ನೆಲೆಯ ಚಿತ್ರದ ಮೇಲಿಟ್ಟು ಒಂದೊಂದೇ ಫ್ರೇಮ್ ಫೋಟೋ ತೆಗೆಯುತ್ತಿದ್ದರು. ಶೂಟಿಂಗ್ ಆದ ಮೇಲೆ ಹಾಳೆ ತೊಳೆದು ಮತ್ತೆ ಬಳಸುವುದೂ ಇತ್ತು. ದೋಸೆಕಲ್ಲು ಒರೆಸಿ ಮತ್ತೊಂದು ಹುಯ್ಯುವ ಹಾಗೆ.

ಎಲ್ಲರ ಕೈಕಾಲೂ ಮೂಳೆ ಇಲ್ಲದ ಹಾಗೆ ಯಾಕೆ ಬಳುಕುತ್ತೆ?

ಆಗಿನ ಶೈಲಿ. ನೀರಿನ ಪೈಪಿನ ಹಾಗೆ ಬಾಗುವುದರಿಂದ ಅದನ್ನು 'ರಬ್ಬರ್ ಹೋಸ್' ಅನ್ನುತ್ತಾರೆ. ಮೊಣಕೈ, ಮೊಣಕಾಲು ಬರೆಯುವ ಗೋಜಿಲ್ಲ, ಕೈ ಬೇಗ ಓಡುತ್ತದೆ. ಹೂವಿನ ದಂಟಿಗೆ ಇದು ಹೇಳಿಮಾಡಿಸಿದ ಹಾಗಿದೆ. 'ಸ್ಕೆಲಿಟನ್ ಡ್ಯಾನ್ಸ್'ನಲ್ಲಿ ಮೂಳೆಯನ್ನೇ ಬಳುಕಿಸಿದವರಿಗೆ ಹೂವು ಯಾವ ಲೆಕ್ಕ!

ನಾವು ಶಾಲೆಯಲ್ಲಿ ತೋರಿಸಿದಾಗ ಸಪ್ಪೆ ಅನಿಸ್ತು. ಏನು ತಪ್ಪಾಗಿರಬಹುದು?

ಮೊದಲು ಸ್ಪೀಕರ್ ನೋಡಿ. ಒಂದು ಸಂಜೆ ನನಗೂ ಹೀಗೇ ಆಯಿತು. ಹೊಸ ಬ್ಲೂಟೂತ್ ಸ್ಪೀಕರ್ ತಂದಿದ್ದೆ, ಸದ್ದು ಭರ್ಜರಿ. ಚಿತ್ರ ಹಾಕಿದೆ. ಮಕ್ಕಳು ಆಕಳಿಸಲು ಶುರು ಮಾಡಿದರು. ಯಾಕೆ ಅಂತ ನನಗೂ ಹೊಳೆಯಲಿಲ್ಲ. ಕಪ್ಪೆ ಕುಣಿಯುವಾಗ ಮುಂದಿನ ಸಾಲಿನ ಹುಡುಗ, "ಅಂಕಲ್, ಕಪ್ಪೆಗೆ ತಾಳ ಗೊತ್ತಿಲ್ಲ" ಅಂದ. ಆಗ ಕಿವಿಗೊಟ್ಟೆ. ಕಪ್ಪೆಯ ಕಾಲು ನೆಲ ಮುಟ್ಟಿದ ಮೇಲೆ, ಒಂದು ಕೂದಲೆಳೆಯಷ್ಟು ತಡವಾಗಿ ಸದ್ದು ಬರುತ್ತಿತ್ತು. ಬ್ಲೂಟೂತ್‌ನಲ್ಲಿ ಸದ್ದು ಅಷ್ಟು ಹಿಂದೆ ಬೀಳುತ್ತದೆ. ಮಾತಿನ ಸಿನಿಮಾ ಆಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ಹಳೇ ವೈರು ಹುಡುಕಿ ಸಿಕ್ಕಿಸಿದೆ, ಮೊದಲಿಂದ ಹಾಕಿದೆ. ಅದೇ ಚಿತ್ರ, ಅದೇ ಮಕ್ಕಳು, ಈ ಸಲ ಎದ್ದು ನಿಂತು ಕುಣಿದರು.

ಇದಾದ ಮೇಲೆ ನನ್ನ ಅಭಿಪ್ರಾಯ ಗಟ್ಟಿಯಾಯಿತು. ಇದರಲ್ಲಿ ಋತು ಒಂದು ನೆಪ, ನಿಜವಾದ ವಿಷಯ ತಾಳ. ಬೇಕಾದರೆ ಸದ್ದು ಪೂರ್ತಿ ಬಂದ್ ಮಾಡಿ ನೋಡಿ, ಎರಡು ನಿಮಿಷಕ್ಕಿಂತ ಜಾಸ್ತಿ ಕೂರಲಾರಿರಿ.

ಇನ್ನೊಂದು ತಪ್ಪು: ಪರದೆ ತುಂಬಲಿ ಅಂತ ಚಿತ್ರವನ್ನು ಅಗಲಕ್ಕೆ ಎಳೆಯುವುದು. ಆಗಿನ ಚಿತ್ರಗಳು ಚೌಕಕ್ಕೆ ಹತ್ತಿರ. ಎಡಬಲ ಕಪ್ಪು ಪಟ್ಟಿ ಇದ್ದರೆ ಇರಲಿ ಬಿಡಿ. ಎಳೆದರೆ ಕೊಕ್ಕರೆ ಕೋಳಿಯಾಗುತ್ತದೆ.

ಸಾರ್ವಜನಿಕವಾಗಿ ತೋರಿಸಿದರೆ ಕಾಪಿರೈಟ್ ತೊಂದರೆ ಬರುತ್ತಾ?

ಅಮೆರಿಕದಲ್ಲಿ ಆ ಕಾಲದ ಚಿತ್ರಗಳಿಗೆ 95 ವರ್ಷದ ಹಕ್ಕು. 1929ರ 'ಸ್ಪ್ರಿಂಗ್‌ಟೈಮ್' 2025ರ ಜನವರಿ 1ಕ್ಕೆ ಮುಕ್ತವಾಯಿತು. 1930ರ ಉಳಿದ ಮೂರಕ್ಕೆ ಆ ದಿನ 2026ರ ಜನವರಿ 1. ಭಾರತದ ಕಾನೂನಿನಲ್ಲಿ ಸಿನಿಮಾಗೆ ಹಕ್ಕಿನ ಅವಧಿ 60 ವರ್ಷ. ಆದರೆ ಯಾರಾದರೂ ಹೊಸದಾಗಿ ಸಂಗೀತ ಸೇರಿಸಿದ, ಬಣ್ಣ ಬಳಿದ ಪ್ರತಿಯಾದರೆ ಆ ಹೊಸ ಕೆಲಸಕ್ಕೆ ಬೇರೆ ಹಕ್ಕು ಇರಬಹುದು. ಸಾದಾ ಕಪ್ಪು-ಬಿಳುಪಿನ ಪ್ರತಿಯನ್ನೇ ಬಳಸಿ. ಟಿಕೆಟ್ ಇಟ್ಟು ದೊಡ್ಡದಾಗಿ ಮಾಡುವುದಾದರೆ ವಕೀಲರ ಹತ್ತಿರ ಒಂದು ಮಾತು ಕೇಳುವುದು ಒಳ್ಳೆಯದು.

ನಮ್ಮ ದೇಶಕ್ಕೂ ಈ ವಿದ್ಯೆಗೂ ಏನಾದರೂ ಕೊಂಡಿ ಇದೆಯಾ?

ಇದೆ. ಡಿಸ್ನಿ ಸ್ಟುಡಿಯೋದಲ್ಲಿ 'ಸ್ನೋ ವೈಟ್', 'ಬ್ಯಾಂಬಿ' ಚಿತ್ರಗಳಿಗೆ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಅನ್ನುವವರು 1956ರಲ್ಲಿ ಮುಂಬೈಗೆ ಬಂದರು. ಸರ್ಕಾರಕ್ಕೆ ಚಿತ್ರ ತಯಾರಿಸುತ್ತಿದ್ದ ಫಿಲ್ಮ್ಸ್ ಡಿವಿಷನ್‌ನ ಕಾರ್ಟೂನ್ ವಿಭಾಗದ ಹುಡುಗರಿಗೆ ಕೆಲಸ ಕಲಿಸಿದರು. 1957ರಲ್ಲಿ ಜಾತಕ ಕತೆಯೊಂದನ್ನು ಇಟ್ಟುಕೊಂಡು 'ದಿ ಬನಿಯನ್ ಡೀರ್' ತಯಾರಾಯಿತು. ಭಾರತದ ಆನಿಮೇಷನ್ನಿಗೆ ದಾರಿ ಹಾಕಿದ ರಾಮ್ ಮೋಹನ್ ಅವರೂ ಆ ವಿಭಾಗದಲ್ಲೇ ಪಳಗಿದವರು. ಕಾಡು, ಜಿಂಕೆ, ಆಲದ ಮರ ನಮ್ಮವು, ಕೈಯ ಪಳಗಿಕೆ ಅಲ್ಲಿಂದ ಬಂದದ್ದು.

ಈ ನಾಲ್ಕು ಮುಗಿದವು. ಇಂಥದ್ದೇ ಇನ್ನೇನು ನೋಡೋದು?

ಎರಡು ಹೇಳುತ್ತೇನೆ. 1936ರ 'ಟು ಸ್ಪ್ರಿಂಗ್', ಎಂಜಿಎಂ ಕಂಪನಿಯದ್ದು. ಮುಂದೆ ಟಾಮ್ ಅಂಡ್ ಜೆರ್ರಿ ಮಾಡಿದ ವಿಲಿಯಂ ಹನಾ ಅವರ ಶುರುವಿನ ನಿರ್ದೇಶನ. ಹಿಮ ಕರಗಿ ನೆಲದೊಳಗೆ ಇಳಿಯುತ್ತದೆ. ಅಲ್ಲಿ ಗಡ್ಡದ ಕುಳ್ಳರು ಎದ್ದು, ಬಣ್ಣಬಣ್ಣದ ಕಲ್ಲು ಅಗೆದು, ಕರಗಿಸಿ, ಪಂಪಿನಲ್ಲಿ ಹೂಗಳಿಗೆ ಏರಿಸುತ್ತಾರೆ. ವಸಂತ ಅಂದರೆ ನೆಲದಡಿಯ ಕಾರ್ಖಾನೆ! ಅಷ್ಟರಲ್ಲಿ ಚಳಿಗಾಲ ತಿರುಗಿ ಬಂದು ಜಗಳ ತೆಗೆಯುತ್ತದೆ.

ಇನ್ನೊಂದು ರಷ್ಯಾದ್ದು. 1969ರಲ್ಲಿ ಇವಾನ್ ಇವಾನೋವ್-ವಾನೊ ಮತ್ತು ಯೂರಿ ನೋರ್‌ಷ್ಟೈನ್ ಮಾಡಿದ 'ಸೀಸನ್ಸ್'. ಸಂಗೀತ ಚೈಕೋವ್‌ಸ್ಕಿ. ಗೊಂಬೆಗಳು, ಕಸೂತಿಯ ಹಿನ್ನೆಲೆ, ಹಿಮದಲ್ಲಿ ಓಡುವ ಮೂರು ಕುದುರೆಯ ಗಾಡಿ. ಯಾರೂ ಯಾರನ್ನೂ ತಿನ್ನುವುದಿಲ್ಲ. ಮಕ್ಕಳು ಇದಕ್ಕೆ ಚಪ್ಪಾಳೆ ತಟ್ಟಲಿಲ್ಲ. ಆ ಮಲೆನಾಡಿನ ಅಜ್ಜಿ ಮಾತ್ರ ಇನ್ನೊಂದು ಸಲ ಹಾಕು ಅಂದರು, ಹಾಕಿದೆ. ಈ ಸಲವೂ ವೈರಿನಲ್ಲೇ.